1300ರ ಇಂಗ್ಲೆಂಡಿನ ಹಳ್ಳಿಯಲ್ಲಿ ಹಿತ್ತಲಿಗೆ ಹೋದರೆ ಕೈಗೆ ಏನು ಸಿಗುತ್ತಿತ್ತು?

ಕಥೆಗಾರ್ತಿ_ಮೈಸೂರು

ಎಲ್ಲರಿಗೂ ನಮಸ್ಕಾರ. ಒಂದು ನೀಳ್ಗತೆ ಬರೆಯುತ್ತಿದ್ದೇನೆ. ಕಥೆ ನಡೆಯುವುದು ಇಂಗ್ಲೆಂಡಿನ ನಡುಭಾಗದ ಒಂದು ಹಳ್ಳಿಯಲ್ಲಿ, 1300ರಲ್ಲಿ. ಮೊದಲ ಅಧ್ಯಾಯದಲ್ಲಿ ಜೂನ್ ತಿಂಗಳ ಒಂದು ಸಂಜೆ. ಮನೆಯಾಕೆ ಹಿತ್ತಲಿಗೆ ಹೋಗಿ ರಾತ್ರಿ ಅಡುಗೆಗೆ ತರಕಾರಿ ತರುತ್ತಾಳೆ. ನಾನು ಬರೆದದ್ದು: ನಾಲ್ಕು ಆಲೂಗಡ್ಡೆ, ಎರಡು ಕ್ಯಾರೆಟ್, ಒಂದು ಹಿಡಿ ಬೀನ್ಸ್.

ಓದಿದ ನನ್ನ ತಮ್ಮ "ಅಕ್ಕಾ, ಕೊಲಂಬಸ್ ಇನ್ನೂ ಹುಟ್ಟೇ ಇಲ್ಲ, ಆಲೂಗಡ್ಡೆ ಎಲ್ಲಿಂದ ಬಂತು?" ಅಂದ. ಸರಿ, ತೆಗೆದೆ. ಆಮೇಲೆ ಉಳಿದದ್ದರ ಮೇಲೂ ಅನುಮಾನ ಶುರುವಾಯಿತು. ಈಗ ಅವಳ ಬುಟ್ಟಿ ಖಾಲಿ. ರಾಜರ ಊಟದ ಬಗ್ಗೆ ಬೇಕಾದಷ್ಟು ಓದಲು ಸಿಗುತ್ತದೆ, ನವಿಲು, ಹಂಸ, ಕಾಡುಹಂದಿ ಅಂತ. ಬಡವರ ಹಿತ್ತಲಲ್ಲಿ ಏನಿತ್ತು? ತಿಳಿದವರು ದಯವಿಟ್ಟು ಹೇಳಿ.

ಹಾಸನದ_ಆಲೂ

ನನ್ನ ಹೆಸರು ನೋಡಿ ಮೇಡಂ, ಈ ಸುದ್ದಿ ಕೇಳಿ ಎಷ್ಟು ಬೇಜಾರಾಗಿರಬೇಕು!

ಆದರೆ ಕ್ಯಾರೆಟ್, ಬೀನ್ಸ್ ಯಾಕೆ ಅನುಮಾನ? ನಮ್ಮ ಕಡೆ ಇವಕ್ಕೆ ಇಂಗ್ಲಿಷ್ ತರಕಾರಿ ಅಂತಲೇ ಹೆಸರು. ಇಂಗ್ಲಿಷರ ಹಳ್ಳಿಯಲ್ಲೇ ಇಂಗ್ಲಿಷ್ ತರಕಾರಿ ಇಲ್ಲ ಅಂದರೆ ಹೇಗೆ?

ಅಲಾಟ್‌ಮೆಂಟ್_ಅಕ್ಕ

ಹಾಸನದ ಅಣ್ಣಾ, ಆ ಹೆಸರನ್ನು ನಂಬಬೇಡಿ. ನಾವು ಪಲ್ಯ ಮಾಡುವ ಹುರುಳಿಕಾಯಿ ಅಮೆರಿಕ ಖಂಡದ ಗಿಡ. ಆಲೂಗಡ್ಡೆ, ಟೊಮೆಟೊ, ಮೆಕ್ಕೆಜೋಳ, ಸಿಹಿಗುಂಬಳ ಎಲ್ಲವೂ ಅಲ್ಲಿಯವೇ. 1300ರ ಇಂಗ್ಲಿಷಿನವನಿಗೆ ಇದರಲ್ಲಿ ಒಂದೂ ಗೊತ್ತಿರಲಿಲ್ಲ.

ನಾನು ಲೆಸ್ಟರ್‌ನಲ್ಲಿದ್ದೇನೆ. ಇಲ್ಲಿ ನಗರಸಭೆಯವರು ಬಾಡಿಗೆಗೆ ಕೊಡುವ ತರಕಾರಿ ತುಂಡುಜಮೀನಿಗೆ ಅಲಾಟ್‌ಮೆಂಟ್ ಅನ್ನುತ್ತಾರೆ. ಹನ್ನೊಂದು ವರ್ಷದಿಂದ ಒಂದು ತುಂಡು ಇಟ್ಟುಕೊಂಡು ಮಣ್ಣಿನ ಜೊತೆ ಗುದ್ದಾಡುತ್ತಿದ್ದೇನೆ. ಹಾಗಾಗಿ ಪುಸ್ತಕದ ಮಾತಿಗಿಂತ ಗಿಡದ ಮಾತು ಹೇಳುತ್ತೇನೆ.

ಆಗಿನ ಬೀನ್ಸ್ ಅಂದರೆ ಬ್ರಾಡ್ ಬೀನ್ಸ್. ಗಿಡ ನೆಟ್ಟಗೆ ನಿಲ್ಲುತ್ತದೆ, ಚಪ್ಪರ ಬೇಡ. ದಪ್ಪ ಕಾಯಿ, ಒಳಗೆ ಹತ್ತಿಯಂಥ ಮೆತ್ತೆ, ಅದರಲ್ಲಿ ಚಪ್ಪಟೆ ಕಾಳು. ನಮ್ಮ ಅವರೆಯೂ ಅಲ್ಲ, ಹುರುಳಿಕಾಯಿಯೂ ಅಲ್ಲ. ಅವರೆಕಾಳಿನ ಹಾಗೆ ಹಿಸುಕಿ ಸಿಪ್ಪೆ ತೆಗೆದರೆ ರುಚಿ ಜಾಸ್ತಿ, ಇದು ನನ್ನ ಅತ್ತೆ ಕಂಡುಹಿಡಿದದ್ದು. ಆ ಕಾಲದವರ ಕಾಳು ಈಗಿನದಕ್ಕಿಂತ ಚಿಕ್ಕದಾಗಿತ್ತು. ಬಟಾಣಿಯೂ ಇತ್ತು, ಆದರೆ ಹಸಿಯಾಗಿ ತಿನ್ನುವುದಕ್ಕಿಂತ ಒಣಗಿಸಿ ಇಡುತ್ತಿದ್ದದ್ದೇ ಹೆಚ್ಚು. ಇವೆರಡೂ ಮುಖ್ಯವಾಗಿ ಹೊಲದ ಬೆಳೆ. ಹಿತ್ತಲಲ್ಲೂ ಒಂದೆರಡು ಸಾಲು ಹಾಕಿಕೊಂಡಿರಬಹುದು.

ಕಿತ್ತಳೆ ಬಣ್ಣದ ಕ್ಯಾರೆಟ್ ಜನಪ್ರಿಯವಾದದ್ದು 17ನೇ ಶತಮಾನದಲ್ಲಿ, ಡಚ್ಚರ ಕೈಯಲ್ಲಿ. ನಿಮ್ಮ ಮನೆಯಾಕೆಗೆ ಪಾರ್ಸ್‌ನಿಪ್ ಕೊಡಿ. ನೋಡಲು ಬಿಳಿ ಕ್ಯಾರೆಟ್. ಚಳಿಗಾಲದ ಹಿಮ ಬಿದ್ದ ಮೇಲೆ ಕಿತ್ತರೆ ಸಿಹಿ. ಸಕ್ಕರೆ ಹಡಗಿನಲ್ಲಿ ಬಂದು ಶ್ರೀಮಂತರ ಮನೆ ಸೇರುತ್ತಿದ್ದ ಕಾಲದಲ್ಲಿ ಅದು ಸಣ್ಣ ಸಿಹಿಯಲ್ಲ. ಆದರೆ ಜೂನ್‌ನಲ್ಲಿ ಪಾರ್ಸ್‌ನಿಪ್ ಸಿಗುವುದಿಲ್ಲ, ಅದನ್ನೂ ಹೊಡೆದುಹಾಕಿ.

ಉಪ್ಪು_ಖಾರ

ಟೊಮೆಟೊ ಇಲ್ಲ, ಆಲೂ ಇಲ್ಲ, ಮೆಣಸಿನಕಾಯಿ ಇಲ್ಲ. ಬದುಕಿದ್ದರೋ ಹೇಗೆ ಪಾಪ.

ಹಳೇ_ಕಡತ

ಅದೇ 1300ರಲ್ಲಿ ಇಲ್ಲಿ ಹೊಯ್ಸಳ ಮೂರನೇ ಬಲ್ಲಾಳನ ಆಳ್ವಿಕೆ. ಅವನ ಅಡುಗೆಮನೆಯಲ್ಲೂ ಟೊಮೆಟೊ, ಆಲೂ, ಮೆಣಸಿನಕಾಯಿ ಮೂರೂ ಇರಲಿಲ್ಲ ಸ್ವಾಮಿ. ಖಾರಕ್ಕೆ ಕರಿಮೆಣಸು. ನಮ್ಮ ಕರಾವಳಿ, ಮಲಬಾರಿನ ಮೆಣಸು ಇಂಗ್ಲೆಂಡಿನವರೆಗೂ ಹೋಗುತ್ತಿತ್ತು. ಆದರೆ ಅದು ಹಳ್ಳಿಯ ಬಡವರಿಗೆ ದಿನಾ ಎಟುಕುವ ಸಾಮಾನಲ್ಲ. ಅವರ ಖಾರ ಸಾಸಿವೆಯಲ್ಲಿತ್ತು. ಹಿತ್ತಲಲ್ಲೇ ಬೆಳೆಯುತ್ತದೆ, ಅಗ್ಗ.

ಮೇಡಂ ಪ್ರಶ್ನೆಗೆ ಬರುತ್ತೇನೆ. ನಾನು ಇತಿಹಾಸ ಪಾಠ ಮಾಡಿ ನಿವೃತ್ತನಾದವನು, ಸ್ವಲ್ಪ ಉದ್ದ ಆದರೆ ಕ್ಷಮಿಸಿ.

ಹಳ್ಳಿಯ ಮನೆ ನಿಂತ ಜಾಗಕ್ಕೆ ಟಾಫ್ಟ್ ಅನ್ನುತ್ತಿದ್ದರು. ಅದರ ಹಿಂದೆ ಉದ್ದಕ್ಕೆ ಚಾಚಿದ ಜಾಗ ಕ್ರಾಫ್ಟ್. ಕನ್ನಡದಲ್ಲಿ ಒಂದೇ ಮಾತು, ಹಿತ್ತಲು. ಯಾರ್ಕ್‌ಷೈರಿನಲ್ಲಿ ವಾರಮ್ ಪರ್ಸಿ ಅಂತ ಒಂದು ಪಾಳುಬಿದ್ದ ಹಳ್ಳಿ ಇದೆ. ಮಾರಿಸ್ ಬೆರೆಸ್‌ಫರ್ಡ್, ಜಾನ್ ಹರ್ಸ್ಟ್ ಇಬ್ಬರೂ 1950ರಿಂದ 1990ರವರೆಗೆ ಅಲ್ಲಿ ಪ್ರತಿ ಬೇಸಿಗೆ ಅಗೆಸಿದರು. ಇವತ್ತಿಗೂ ಹುಲ್ಲಿನ ಕೆಳಗೆ ಸಾಲುಮನೆಗಳ ಗುರುತು, ಹಿಂದೆ ಹಿತ್ತಲಿನ ಬದುಗಳು ಏರಿಳಿತವಾಗಿ ಕಾಣುತ್ತವೆ.

ಹಾಗಾದರೆ ಅಲ್ಲಿ ಏನು ಬೆಳೆದರು ಅಂತ ಬರೆದಿಟ್ಟಿಲ್ಲವೇ? ಇಲ್ಲ. ಕಾರಣ ನೋಡಿ, ಮಜವಾಗಿದೆ. ಆ ಕಾಲದ ಲೆಕ್ಕಪತ್ರಗಳು ರಾಶಿರಾಶಿ ಉಳಿದಿವೆ. ಎಷ್ಟು ಎಕರೆ ಗೋಧಿ, ಎಷ್ಟು ಬಾರ್ಲಿ, ಎಷ್ಟು ಕುರಿ, ಎಲ್ಲ ಇದೆ. ಆದರೆ ಅದು ಧಣಿಯ ಜಮೀನಿನ ಲೆಕ್ಕ. ಒಕ್ಕಲಿನವನ ಹೆಂಡತಿ ಹಿತ್ತಲಲ್ಲಿ ಹಾಕಿದ ಎರಡು ಸಾಲು ಉಳ್ಳಿ ಯಾರ ಲೆಕ್ಕಕ್ಕೂ ಬರುವುದಿಲ್ಲ. ಬಂದರೂ "ಸೊಪ್ಪುಸದೆ" ಅನ್ನುವಂಥ ಒಂದೇ ಪದದಲ್ಲಿ ಮುಗಿಸುತ್ತಾರೆ.

ಕಣ್ಣು ಬಿಟ್ಟವರು ಇಬ್ಬರೇ. ಒಬ್ಬ ಪಾದ್ರಿ. ಬೆಳೆದದ್ದರಲ್ಲಿ ಹತ್ತರಲ್ಲೊಂದು ಪಾಲು ಚರ್ಚಿಗೆ. ದವಸಧಾನ್ಯದ ದೊಡ್ಡ ಪಾಲು ಹೆಚ್ಚಾಗಿ ದೂರದ ಮಠಕ್ಕೋ ದೊಡ್ಡ ಪಾದ್ರಿಗೋ ಹೋಗುತ್ತಿತ್ತು. ಊರಲ್ಲೇ ಇರುವ ಸಣ್ಣ ಪಾದ್ರಿಗೆ ಚಿಲ್ಲರೆ ಪಾಲು: ಮೊಟ್ಟೆ, ಬಾತುಕೋಳಿ, ಜೇನು, ಸೇಬು, ಈರುಳ್ಳಿ, ಲೀಕ್ (ಈರುಳ್ಳಿ ಜಾತಿಯ ಸೊಪ್ಪು), ನಾರಿಗಾಗಿ ಬೆಳೆದ ಅಗಸೆ, ಸೆಣಬು. ಕೆಲವು ಒಪ್ಪಂದಗಳಲ್ಲಿ "ಕಾಲಿನಿಂದ ಅಗೆದ ನೆಲ" ಅನ್ನುವ ಮಾತು ಬರುತ್ತದೆ. ನೇಗಿಲು ಹೂಡದೆ ಸನಿಕೆಯನ್ನು ಕಾಲಲ್ಲಿ ಒತ್ತಿ ಅಗೆದ ಜಾಗ ಅಂತ. ಅಂಥ ನೆಲದಲ್ಲಿ ಬೆಳೆದದ್ದು ಸಣ್ಣ ಪಾದ್ರಿಯ ಪಾಲು. ಮಣ್ಣು ಮೆತ್ತಿದ ಆ ಒಂದು ಕಾಲಿನ ಮೇಲೆ ವಕೀಲಿ ಭಾಷೆ ಕಟ್ಟಿದ್ದಾರೆ, ನನಗಂತೂ ಬಹಳ ಇಷ್ಟ.

ಇನ್ನೊಬ್ಬ ಧಣಿಯ ಕೋರ್ಟಿನ ಗುಮಾಸ್ತ. ಯಾರದೋ ಹಂದಿ, ಯಾರದೋ ಕೋಳಿ ಬೇಲಿ ನುಗ್ಗಿ ಪಕ್ಕದ ಹಿತ್ತಲು ಕೆದಕಿದರೆ ಅಲ್ಲಿ ದಂಡ ಬೀಳುತ್ತಿತ್ತು. ಜಗಳ ಆಗಿದ್ದಕ್ಕೆ ನಮಗೆ ಹಿತ್ತಲಿನ ಸುದ್ದಿ ಸಿಕ್ಕಿತು ಅನ್ನಿ.

ಹಾಸನದ_ಆಲೂ

ಸರ್, ಹಿತ್ತಲು ಅಂದರೆ ಎಷ್ಟು ಗುಂಟೆ? ಗೊಬ್ಬರ, ನೀರು?

ಹಳೇ_ಕಡತ

ಊರಿಂದ ಊರಿಗೆ ಬೇರೆ. ಕಾಲು ಎಕರೆಯಿಂದ ಅರ್ಧ ಎಕರೆ ಸಾಮಾನ್ಯ, ಅಂದರೆ ಹತ್ತರಿಂದ ಇಪ್ಪತ್ತು ಗುಂಟೆ. ಅದರಲ್ಲೇ ಕೊಟ್ಟಿಗೆ, ತಿಪ್ಪೆ, ಹಂದಿ, ಕೋಳಿ, ನಾಲ್ಕು ಹಣ್ಣಿನ ಮರ. ತಿಪ್ಪೆ ಮನೆ ಪಕ್ಕದಲ್ಲೇ ಇದ್ದದ್ದರಿಂದ ಹಿತ್ತಲಿಗೆ ಗೊಬ್ಬರಕ್ಕೆ ಬರವಿಲ್ಲ. ಬರ ಇದ್ದದ್ದು ದೂರದ ಹೊಲಕ್ಕೆ. ನೀರಿನ ಚಿಂತೆ ಆ ದೇಶದಲ್ಲಿ ನಿಮ್ಮಷ್ಟಿಲ್ಲ.

ಅಲಾಟ್‌ಮೆಂಟ್_ಅಕ್ಕ

ನೀರಿನ ಚಿಂತೆ ಇಲ್ಲ, ಚಿಪ್ಪಿಲ್ಲದ ಬಸವನಹುಳದ ಚಿಂತೆ ಇದೆ. ಒಂದು ಮಳೆ ರಾತ್ರಿ ಕಳೆದರೆ ಸಸಿ ಮಂಗಮಾಯ.

ಕಥೆಗಾರ್ತಿ ಅವರೇ, ನೀವು ಜೂನ್ ಆರಿಸಿದ್ದೀರಲ್ಲ, ಅದು ಬೇಕೆಂದೇ ಆರಿಸಿದ್ದೋ ಸುಮ್ನೆ ಆರಿಸಿದ್ದೋ? ಹಿತ್ತಲಿನ ಮಟ್ಟಿಗೆ ಬಹಳ ಕಷ್ಟದ ಹೊತ್ತು ಅದು. ಇಲ್ಲಿನ ಕೈತೋಟದವರು ಈಗಲೂ ಏಪ್ರಿಲ್‌ನಿಂದ ಜೂನ್ ಶುರುವಿನವರೆಗೆ ಹಸಿವಿನ ಸಂದು ಅನ್ನುತ್ತಾರೆ. ಚಳಿಗಾಲ ತಡೆದು ನಿಂತ ಸೊಪ್ಪು ಹೂಬಿಟ್ಟು ಮುಗಿದಿರುತ್ತದೆ. ಗೂಡಲ್ಲಿಟ್ಟ ಈರುಳ್ಳಿ ಮೊಳೆತು ಟೊಳ್ಳಾಗಿರುತ್ತದೆ. ಹೊಸದು ಇನ್ನೂ ಬೆರಳುದ್ದ. ನನ್ನ ಮೊದಲ ವರ್ಷ ಮೇ ತಿಂಗಳಲ್ಲಿ ಕೊಯ್ಯಲು ಇದ್ದದ್ದು ಒಂದು ಹಿಡಿ ಪಾರ್ಸ್ಲಿ, ಅಂದರೆ ಕೊತ್ತಂಬರಿಯಂಥ ಸೊಪ್ಪು, ಮಾತ್ರ. ನನಗೇನು, ಸೂಪರ್‌ಮಾರ್ಕೆಟ್‌ಗೆ ಹೋದೆ.

ಅವರಿಗೆ ಹೊಲದಲ್ಲೂ ಅದೇ ಸಂಕಟ. ಹಳೇ ದವಸ ಕಣಜದಲ್ಲಿ ತಳ ಕಾಣುತ್ತಿರುತ್ತದೆ, ಹೊಸ ಸುಗ್ಗಿ ಬರುವುದು ಆಗಸ್ಟ್‌ನಲ್ಲಿ.

ಹಳೇ_ಕಡತ

ಅಕ್ಕ ಹೇಳಿದ್ದಕ್ಕೆ ಒಂದು ಸಾಕ್ಷಿ ಇದೆ. 14ನೇ ಶತಮಾನದ ಕೊನೆಯಲ್ಲಿ ವಿಲಿಯಂ ಲ್ಯಾಂಗ್‌ಲ್ಯಾಂಡ್ ಬರೆದ 'ಪಿಯರ್ಸ್ ಪ್ಲೌಮನ್' ಕಾವ್ಯದಲ್ಲಿ ಹಸಿವು ಒಬ್ಬ ಮನುಷ್ಯನಾಗಿ ಬರುತ್ತಾನೆ. ಉಳುವವನು ತನ್ನಲ್ಲಿ ಏನಿದೆ ಅಂತ ಎಣಿಸಿ ಹೇಳುತ್ತಾನೆ. ಕೋಳಿ ಕೊಳ್ಳಲು ಕಾಸಿಲ್ಲ, ಉಪ್ಪು ಹಾಕಿದ ಹಂದಿಮಾಂಸವೂ ಇಲ್ಲ. ಇರುವುದು ಎರಡು ಹಸಿ ಚೀಸ್, ಸ್ವಲ್ಪ ಮೊಸರುಗಡ್ಡೆ, ಕೆನೆ, ಓಟ್ಸ್ ರೊಟ್ಟಿ, ಮಕ್ಕಳಿಗೆ ಅಂತ ಬೀನ್ಸ್ ಹಿಟ್ಟು ಹೊಟ್ಟು ಕಲಸಿ ಸುಟ್ಟ ಎರಡು ಬ್ರೆಡ್ಡು. ಆಮೇಲೆ ಹಿತ್ತಲಿನದು: ಪಾರ್ಸ್ಲಿ, ಎಳೆ ಲೀಕ್, ಕೋಸಿನ ಗಿಡಗಳು. ಸುಗ್ಗಿ ಹಬ್ಬ ಆಗಸ್ಟ್ 1ಕ್ಕೆ. ಅಲ್ಲಿವರೆಗೆ ಇಷ್ಟರಲ್ಲೇ ತಳ್ಳಬೇಕು ಅನ್ನುತ್ತಾನೆ.

ಆಗ ಊರಿನ ಬಡವರೆಲ್ಲ ಹಸಿ ಬಟಾಣಿಕಾಯಿ, ಬೀನ್ಸ್, ಸುಟ್ಟ ಸೇಬು, ಈರುಳ್ಳಿ ಎಸಳು, ಮಾಗಿದ ಚೆರ್ರಿ ಮಡಿಲಲ್ಲಿ ತುಂಬಿಕೊಂಡು ಬಂದು ಹಸಿವಿಗೆ ಉಣಿಸುತ್ತಾರೆ. ಕವಿತೆ ನಿಜ, ಕಡತ ಅಲ್ಲ. ಆದರೂ ಹಿತ್ತಲು ನೋಡಿದವನೇ ಬರೆದದ್ದು.

ಉಪ್ಪು_ಖಾರ

ಕೋಸು ಅಂದರೆ ನಮ್ಮ ಗುಂಡನೆಯ ಎಲೆಕೋಸಾ?

ಅಲಾಟ್‌ಮೆಂಟ್_ಅಕ್ಕ

ಬಿಡಿ ಎಲೆಯದು. ಉಂಡೆ ಕಟ್ಟುವುದಿಲ್ಲ. ಈಗ ಕೇಲ್ ಅಂತ ಮಾರುತ್ತಾರಲ್ಲ, ಹೆಚ್ಚುಕಡಿಮೆ ಆ ಜಾತಿ. ಅನುಕೂಲ ಏನಪ್ಪಾ ಅಂದರೆ ಗಿಡ ಕೀಳಬೇಕಾಗಿಲ್ಲ. ಇವತ್ತು ಕೆಳಗಿನ ನಾಲ್ಕು ಎಲೆ, ನಾಳಿದ್ದು ಇನ್ನು ನಾಲ್ಕು. ಹಿಮದಲ್ಲೂ ಸಾಯುವುದಿಲ್ಲ. ಬಡವರ ಹಿತ್ತಲಿಗೆ ಇದಕ್ಕಿಂತ ಒಳ್ಳೆ ಗಿಡ ಬೇಕಾ?

ಉಪ್ಪು_ಖಾರ

ಸರಿ, ಒಂದು ತಕರಾರು. ಕವಿತೆ, ಜಗಳ, ಪಾದ್ರಿಯ ಪಾಲು. ಇದರ ಮೇಲೆ ಬಡವರು ದಿನಾ ಸೊಪ್ಪು ತಿಂದರು ಅಂತ ಹೇಗೆ ಹೇಳುತ್ತೀರಿ? ಗಂಜಿ ಕುಡಿದು ಮಲಗಿರಬಹುದು. ಅಗೆದಾಗ ತರಕಾರಿ ಸಿಕ್ಕಿದೆಯಾ?

ಹಳೇ_ಕಡತ

ಒಳ್ಳೆ ತಕರಾರು. ಅಗೆದವರಿಗೆ ಬಹಳ ಕಾಲ ಸಿಗಲಿಲ್ಲ, ನಿಜ. ಧಾನ್ಯ ಹೇಗೆ ಉಳಿಯುತ್ತದೆ? ಒಲೆಯಲ್ಲಿ, ಒಣಗಿಸುವಾಗ ಕರಕಾಗಿ ಇದ್ದಿಲಾದರೆ ಏಳುನೂರು ವರ್ಷ ಮಣ್ಣಲ್ಲಿ ಕೊಳೆಯುವುದಿಲ್ಲ. ಹಣ್ಣಿನ ಓಟೆ, ಬೀಜ ಪಾಯಿಖಾನೆ ಗುಂಡಿಯಲ್ಲಿ ಖನಿಜ ಹಿಡಿದು ಉಳಿಯುತ್ತವೆ. ಸೊಪ್ಪು? ಅದನ್ನು ಬೀಜಕ್ಕೆ ಬರುವ ಮೊದಲೇ ಕೊಯ್ದು ಬೇಯಿಸಿ ತಿಂದಾಯಿತು. ಗುರುತೇ ಇಲ್ಲ. ತಿಂದಷ್ಟೂ ಸಾಕ್ಷಿ ಕಡಿಮೆ.

ಆದರೆ ಮಡಕೆ ಇದೆ. ನಾರ್ಥಾಂಪ್ಟನ್‌ಷೈರಿನ ರಾಂಡ್ಸ್ ಹತ್ತಿರ ವೆಸ್ಟ್ ಕಾಟನ್ ಅಂತ ಒಂದು ಸಣ್ಣ ಹಳ್ಳಿ ಇತ್ತು. ಅಲ್ಲಿ ಸಿಕ್ಕ 73 ಅಡುಗೆ ಮಡಕೆಗಳನ್ನು ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿ 2019ರಲ್ಲಿ ಪ್ರಕಟಿಸಿದರು. ಮೆರುಗಿಲ್ಲದ ಮಣ್ಣಿನ ಮಡಕೆ ಕೊಬ್ಬು, ಎಣ್ಣೆ ಕುಡಿದುಬಿಡುತ್ತದೆ. ನಿಮ್ಮ ಮನೆ ಮೀನಿನ ಗಡಿಗೆ ತೊಳೆದರೂ ವಾಸನೆ ಹೋಗುತ್ತದಾ? ಹಾಗೆ. ಸೊಪ್ಪಿನ ಎಲೆಯ ಮೇಲೆ ಮೇಣದ ಲೇಪ ಇರುತ್ತದಲ್ಲ, ಅದೂ ಮಡಕೆಯ ಗೋಡೆಗೆ ಇಳಿದಿತ್ತು. ಕುರಿ, ದನದ ಕೊಬ್ಬಿನ ಜೊತೆಗೆ ಕೋಸು, ಲೀಕ್‌ನಂಥ ಸೊಪ್ಪು. ಮಾಂಸ ಹಾಕಿದ ಸೊಪ್ಪಿನ ಸಾರು ಅಂತ ಇಟ್ಟುಕೊಳ್ಳಿ. ಕೆಲವು ಮಡಕೆಗಳಲ್ಲಿ ಹಾಲಿನ ಅಂಶವೂ ಇತ್ತು.

ಉಪ್ಪು_ಖಾರ

ಒಪ್ಪಿದೆ. ಮಡಕೆ ಸುಳ್ಳು ಹೇಳಲ್ಲ.

ಕಥೆಗಾರ್ತಿ_ಮೈಸೂರು

ಅಬ್ಬಾ! ಎಲ್ಲ ಬರೆದುಕೊಳ್ಳುತ್ತಿದ್ದೇನೆ. ಆ ಅಡುಗೆಗೆ ಹೆಸರೇನು? ಮತ್ತೆ ಹಣ್ಣು? ಮಗುವಿನ ಕೈಗೆ ಒಂದು ಹಣ್ಣು ಕೊಡುವ ಆಸೆ ನನಗೆ.

ಹಳೇ_ಕಡತ

ಪಾಟೇಜ್. ಅಂಬಲಿಗಿಂತ ಗಟ್ಟಿ, ನಮ್ಮ ಹುಳಿಗಿಂತ ಸಪ್ಪೆ. ಬಾರ್ಲಿಯೋ ಓಟ್ಸೋ ಒಣ ಬಟಾಣಿಯೋ ಬೇಯುತ್ತಿರುತ್ತದೆ, ಹಿತ್ತಲಿನದು ಏನಿದೆಯೋ ಅದು ಒಳಗೆ.

ಅಲಾಟ್‌ಮೆಂಟ್_ಅಕ್ಕ

ಹಣ್ಣಿಗೆ ನಾನು ಇದ್ದೇನೆ.

ಮೊದಲು ಸೇಬು. ತಿನ್ನುವುದು, ಸುಡುವುದು, ಉಳಿದದ್ದು ಸೈಡರ್, ಅಂದರೆ ಸೇಬಿನ ಹೆಂಡ. ಪಿಯರ್‌ಮೇನ್ ಅನ್ನುವ ಜಾತಿಯ ಹೆಸರು 13ನೇ ಶತಮಾನದ ಶುರುವಿನಲ್ಲೇ ಕಾಣುತ್ತದೆ. ಕಾಸ್ಟರ್ಡ್ ಅನ್ನುವ ದೊಡ್ಡ ಸೇಬು ಎಷ್ಟು ಮಾರಾಟವಾಗುತ್ತಿತ್ತು ಅಂದರೆ, ತಳ್ಳುಗಾಡಿ ಹಣ್ಣಿನವನಿಗೆ ಇಂಗ್ಲಿಷಿನಲ್ಲಿ ಕಾಸ್ಟರ್‌ಮಾಂಗರ್ ಅನ್ನುವ ಹೆಸರು ಅದರಿಂದಲೇ ಬಂತು. ಪೇರ್ ಹಣ್ಣಿನಲ್ಲಿ ವಾರ್ಡನ್ ಅಂತ ಒಂದು, ಬೆಡ್‌ಫರ್ಡ್‌ಷೈರಿನ ವಾರ್ಡನ್ ಮಠದ ಹೆಸರಿನದು. ಕಲ್ಲಿನ ಹಾಗೆ ಗಟ್ಟಿ. ಚಳಿಗಾಲಕ್ಕೆ ಇಟ್ಟು ಬೇಯಿಸಿಯೇ ತಿನ್ನಬೇಕು.

ಪ್ಲಮ್ ಜಾತಿಯಲ್ಲಿ ಸಣ್ಣ ಹುಳಿ ಬುಲೇಸ್, ಡ್ಯಾಮ್ಸನ್. ಇವನ್ನು ನೆಟ್ಟರೋ ಬೇಲಿಯಲ್ಲಿ ತಾನಾಗಿ ಬಂತೋ ಹೇಳಲಾಗದ ಹಾಗೆ ಬೆಳೆಯುತ್ತವೆ. ಬೇಲಿಯಲ್ಲೇ ಬ್ಲ್ಯಾಕ್‌ಬೆರಿ, ಹೇಜಲ್ ಬೀಜ. ಕಾಡುಸೇಬು ಬಾಯಿಗಿಟ್ಟರೆ ಮುಖ ಕಿವುಚುತ್ತದೆ, ಆದರೆ ಹಿಂಡಿದ ರಸ ಅಡುಗೆಗೆ ಹುಳಿ. ನಮಗೆ ಹುಣಸೆಹಣ್ಣು ಇದ್ದ ಹಾಗೆ. ಮೆಡ್ಲರ್ ಅಂತ ಇನ್ನೊಂದು ವಿಚಿತ್ರ. ಮರದಿಂದ ಕಿತ್ತ ಮೇಲೆ ಇಟ್ಟು ಕೊಳೆತಷ್ಟು ಮೆತ್ತಗಾದ ಮೇಲೆ ತಿನ್ನಬೇಕು. ನಾನು ಒಮ್ಮೆ ತಿಂದೆ. ಇನ್ನೊಮ್ಮೆ ತಿನ್ನಲ್ಲ.

ಸ್ಟ್ರಾಬೆರಿ ಕಾಡಿನದು, ಕಿರುಬೆರಳ ತುದಿಯಷ್ಟು. ಈಗಿನ ದಪ್ಪದ್ದು ಅಮೆರಿಕದ ಎರಡು ಜಾತಿ ಬೆರೆತು 18ನೇ ಶತಮಾನದಲ್ಲಿ ಬಂದದ್ದು.

ಜೂನ್ ಅಲ್ಲವೇ? ಮಗುವಿಗೆ ಚೆರ್ರಿ ಕೊಡಿ. ತಿಂಗಳ ಕೊನೆಗೆ ಮಾತ್ರ.

ಹಾಸನದ_ಆಲೂ

ಉಳಿದದ್ದು ಮಾರುತ್ತಿದ್ದರಾ? ತರಕಾರಿ ಬೆಳೆದವನಿಗೆ ಕಾಸು ಬರುತ್ತಿತ್ತಾ ಅನ್ನೋದು ನನ್ನ ಪ್ರಶ್ನೆ.

ಹಳೇ_ಕಡತ

ದೊಡ್ಡವರ ತೋಟದ ಲೆಕ್ಕ ಸಿಗುತ್ತದೆ. ಲಂಡನ್ ಪಕ್ಕದ ಹೋಬರ್ನ್‌ನಲ್ಲಿ ಲಿಂಕನ್ನಿನ ಅರ್ಲ್ (ದೊಡ್ಡ ಧಣಿಗಳ ಪದವಿ) ಹೆನ್ರಿ ಡಿ ಲೇಸಿಯ ತೋಟದಿಂದ 1295-96ರಲ್ಲಿ ಸೇಬು, ಪೇರ್, ಚೆರ್ರಿ, ಬೀಜಗಳನ್ನು ಮಾರಿ 9 ಪೌಂಡಿಗೂ ಹೆಚ್ಚು ಬಂತು. ಒಬ್ಬ ಕೂಲಿಯವನಿಗೆ ಆಗ ದಿನಕ್ಕೆ ಒಂದು ಒಂದೂವರೆ ಪೆನ್ನಿ, ಪೌಂಡಿಗೆ 240 ಪೆನ್ನಿ. ನೀವೇ ಲೆಕ್ಕ ಹಾಕಿ.

1345ರಲ್ಲಿ ಲಂಡನ್ನಿನಲ್ಲಿ ಒಂದು ಗಲಾಟೆ ಆಯಿತು. ಅರ್ಲ್, ಬಿಷಪ್ಪು, ಪೇಟೆಯ ದೊಡ್ಡವರ ತೋಟಗಾರರು ಸೇಂಟ್ ಪಾಲ್ಸ್ ಚರ್ಚಿನ ಅಂಗಳದ ಬಾಗಿಲಲ್ಲಿ ಕಾಳು, ಚೆರ್ರಿ, ತರಕಾರಿ ಇಟ್ಟುಕೊಂಡು ಮಾರುತ್ತಿದ್ದರು. ಅವರ ಕೂಗಾಟಕ್ಕೆ ಒಳಗೆ ಪ್ರಾರ್ಥನೆ ಕೇಳಿಸುವುದಿಲ್ಲ ಅಂತ ದೂರು. ಮೇಯರ್ ಅವರನ್ನು ಅಲ್ಲಿಂದ ಎಬ್ಬಿಸಿ, ಸ್ವಲ್ಪ ದೂರದಲ್ಲಿ ಸನ್ಯಾಸಿಗಳ ತೋಟದ ಗೋಡೆ ಪಕ್ಕ ಜಾಗ ಕೊಟ್ಟ. ಫುಟ್‌ಪಾತ್ ವ್ಯಾಪಾರಿಗಳನ್ನು ಎಬ್ಬಿಸುವುದು ಇವತ್ತಿನದಲ್ಲ.

ಹಳ್ಳಿಯವರದು ಸಣ್ಣ ಪ್ರಮಾಣ. ಸಂತೆಗೆ ಒಂದು ಬುಟ್ಟಿ ಸೇಬು, ಒಂದು ಕಟ್ಟು ಲೀಕ್. ಅದರ ಲೆಕ್ಕ ಬರೆಯಲು ಅವರಿಗೆ ಅಕ್ಷರವೂ ಇಲ್ಲ, ಅಗತ್ಯವೂ ಇಲ್ಲ.

ಹಾಸನದ_ಆಲೂ

ಪೌಂಡಿಗೆ 240 ಅಂದರೆ ಒಂದು ತೋಟಕ್ಕೆ 2160 ಪೆನ್ನಿ. ಕೂಲಿಯವನು ವರ್ಷಪೂರ್ತಿ ದುಡಿದರೂ ಅದರ ಕಾಲುಭಾಗ ಮುಟ್ಟಲ್ಲ. ತೋಟ ಇದ್ದವನೇ ರಾಜ ಸರ್, ಆಗಲೂ.

ಇನ್ನೊಂದು. ಈ ಲೀಕ್ ಅನ್ನೋದು ಎಲ್ಲರ ಬಾಯಲ್ಲೂ ಬರುತ್ತಿದೆ. ಅಷ್ಟು ದೊಡ್ಡ ತರಕಾರಿಯಾ ಅದು?

ಅಲಾಟ್‌ಮೆಂಟ್_ಅಕ್ಕ

ದಪ್ಪ ಕಾಂಡದ ಈರುಳ್ಳಿಸೊಪ್ಪು ಅಂದುಕೊಳ್ಳಿ ಅಣ್ಣ. ಗಡ್ಡೆ ಕಟ್ಟುವುದಿಲ್ಲ.

ಹಳೇ_ಕಡತ

ಹಳೇ ಇಂಗ್ಲಿಷಿನಲ್ಲಿ ಕೈತೋಟಕ್ಕೆ ಹೆಸರೇ "ಲೀಕ್ ಬೇಲಿ", ತೋಟದವನು "ಲೀಕ್ ಕಾಯುವವನು". ಲೇಟನ್ ಅನ್ನುವ ಊರ ಹೆಸರು ಅಲ್ಲಿಂದ ಬಂದದ್ದು. ಬೆಳ್ಳುಳ್ಳಿಗೆ "ಈಟಿ ಲೀಕ್" ಅಂದರು, ಎಸಳು ಈಟಿಮೊನೆ ಥರ ಇದೆ ಅಂತ. ಅದೇ ಇವತ್ತಿನ ಗಾರ್ಲಿಕ್. ನಾವು ನೀರುಳ್ಳಿ, ಬೆಳ್ಳುಳ್ಳಿ ಅಂತ ಒಂದೇ ಉಳ್ಳಿಯಿಂದ ಎರಡು ಹೆಸರು ಮಾಡಿಕೊಂಡ ಹಾಗೆಯೇ.

ಕಥೆಗಾರ್ತಿ_ಮೈಸೂರು

ತಿದ್ದಿ ಬರೆದೆ. ನೋಡಿ ಹೇಳಿ:

"ಅವಳು ಬೇಲಿಯ ಗೇಟಿಗೆ ಅಡ್ಡ ಇಟ್ಟ ಕೋಲು ಸರಿಸಿ ಒಳಗೆ ಹೋದಳು. ಈರುಳ್ಳಿ ಇನ್ನೂ ಎಸಳಾಗಿತ್ತು, ನಾಲ್ಕು ಕಿತ್ತಳು. ಕೋಸಿನ ಕೆಳಗಿನ ಎಲೆ ಮುರಿದಳು, ಹುಳ ತಿಂದದ್ದನ್ನು ಹಂದಿಯ ಕಡೆ ಎಸೆದಳು. ಪಾರ್ಸ್ಲಿ ಒಂದು ಹಿಡಿ. ಬೀನ್ಸ್ ಕಾಯಿಯನ್ನು ಬೆರಳಲ್ಲಿ ಒತ್ತಿ ನೋಡಿ, ಇನ್ನೊಂದು ವಾರ ಅಂದುಕೊಂಡು ಬಿಟ್ಟಳು. ಮಗು ಚೆರ್ರಿ ಮರದ ಕೆಳಗೆ ನಿಂತು ಮೇಲೆ ನೋಡುತ್ತಿತ್ತು. ಹಣ್ಣು ಇನ್ನೂ ಕೆಂಪಗಾಗಿರಲಿಲ್ಲ."

ಸಂಜೆ ಜೂನ್ 20 ಅಂತ ಇಟ್ಟಿದ್ದೇನೆ.

ಅಲಾಟ್‌ಮೆಂಟ್_ಅಕ್ಕ

ಬೀನ್ಸ್ ಒತ್ತಿ ನೋಡಿದ್ದು ಸರಿಯಾಗಿದೆ. ನಾನೂ ಹಾಗೇ ಮಾಡುವುದು.

ಹಳೇ_ಕಡತ

ಒಂದು ಸಣ್ಣ ಕೊಕ್ಕೆ. ಆಗಿನದು ಜೂಲಿಯನ್ ಪಂಚಾಂಗ, 1300ರ ಜೂನ್ 20 ಅಂದರೆ ನಮ್ಮ ಈಗಿನ ಜೂನ್ 28. ಚೆರ್ರಿ ಒಂದೆರಡಾದರೂ ಕೆಂಪಾಗಿರಬಹುದು.

ಕಥೆಗಾರ್ತಿ_ಮೈಸೂರು

ಹಾಗಾದರೆ ಒಂದು ಹಣ್ಣು ಕೆಂಪು ಮಾಡುತ್ತೇನೆ ಸರ್. ಮೇಲಿನ ಕೊಂಬೆಯಲ್ಲಿ, ಮಗುವಿಗೆ ಎಟುಕದ ಹಾಗೆ.

ಹಾಸನದ_ಆಲೂ

ಅದು ಹಕ್ಕಿ ಪಾಲು ಮೇಡಂ.